ಎಪ್ಪತ್ತಮೂರೂವರೆ ಸುತ್ತು

ಅಕ್ಕ ಹದಿನಾರನೇ ವಯಸ್ಸಿನಲ್ಲಿ ಹಾಡಿದ್ದು ಒಂದೇ ಒಂದು ಗ್ರಾಮಫೋನ್ ತಟ್ಟೆ. ತಂಗಿಯ ಹೊಟ್ಟೆ ಐವತ್ತು ವರ್ಷ ಉರಿಯುವುದಕ್ಕೆ ಅಷ್ಟು ಸಾಕಾಯಿತು. ಮನೆಗೆ ಯಾರೇ ಬರಲಿ, ಅಪ್ಪ ಕುಡಿಯಲು ನೀರು ಕೊಡುವ ಮೊದಲೇ ಅದನ್ನು ಹಾಕಿ ಕೂರಿಸುತ್ತಿದ್ದರು. ಕೊನೆಯ ಸಾಲಿನ ಎತ್ತರದ ಸ್ವರ ಬಂತೆಂದರೆ, "ಈ ಮನೇಲಿ ಇನ್ಯಾರಿಗೂ ಇದು ಎಟುಕಲ್ಲ" ಎನ್ನುತ್ತಿದ್ದರು. ಮನೆಯಲ್ಲಿದ್ದ ಇನ್ನೊಂದು ಗಂಟಲು ತಂಗಿಯದೇ.

ಅವಳೂ ಬಿಟ್ಟವಳಲ್ಲ. ಬಾಗಿಲು ಹಾಕಿಕೊಂಡು ಆ ತಟ್ಟೆಯ ಜೊತೆಗೇ ಹಾಡಿ ಹಾಡಿ ಗಂಟಲು ಕೆಡಿಸಿಕೊಂಡಳು. ಪ್ರತಿಸಲವೂ ಅದೇ ಸ್ವರದಲ್ಲಿ ದನಿ ಒಡೆಯುತ್ತಿತ್ತು. ಅವಳಿಗೆ ಹನ್ನೆರಡು ತುಂಬಿದಾಗ ಅಪ್ಪ ಸಂಗೀತ ಪಾಠ ನಿಲ್ಲಿಸಿದರು. ಅಕ್ಕನೋ, ಮದುವೆಯಾದ ಮೇಲೆ ಬಾಯೇ ಬಿಡಲಿಲ್ಲ. ಆದರೂ ಹಾಡುಗಾರ್ತಿ ಎಂಬ ಹೆಸರು ಅವಳಿಗೇ ಉಳಿಯಿತು. ಇಷ್ಟು ವಯಸ್ಸಾದರೂ ಇದೆಂಥ ಹೊಟ್ಟೆಕಿಚ್ಚು ಎಂದು ತಂಗಿ ತನ್ನನ್ನೇ ಗದರಿಕೊಂಡದ್ದುಂಟು. ಕಿಚ್ಚು ಮಾತು ಕೇಳಬೇಕಲ್ಲ.

ಈಗ ಅವಳಿಗೆ ಧ್ವನಿ ಸಂಗ್ರಹಾಲಯದಲ್ಲಿ ಹಳೆಯ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ. ಮೊಮ್ಮಕ್ಕಳು ಕೇಳಬೇಕಂತೆ, ಸೀಡಿ ಮಾಡಿಕೊಡು ಎಂದು ಅಕ್ಕ ಅದೇ ತಟ್ಟೆಯನ್ನು ಕಳಿಸಿದ್ದಳು.

ತಟ್ಟೆಯ ಮೇಲೆ ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ಎಂದು ಅಚ್ಚಾಗಿತ್ತು. ಅಚ್ಚಾದದ್ದನ್ನೆಲ್ಲ ನಂಬಿದರೆ ಈ ಕೆಲಸ ಮಾಡಿದ ಹಾಗೆಯೇ. ಹಳೆಯ ರೆಕಾರ್ಡಿಂಗ್‌ಗಳಲ್ಲಿ ಹಾಡಿನ ಅಡಿಗೆ ಕರೆಂಟಿನ ಸಣ್ಣ ಗುಂಯ್‌ಗುಡಿತ ಸೇರಿರುತ್ತದೆ. ಅದು ಸೆಕೆಂಡಿಗೆ ಐವತ್ತು ಕಂಪನವಿರಬೇಕು. ಇದನ್ನು ಎಪ್ಪತ್ತೆಂಟರಲ್ಲಿ ತಿರುಗಿಸಿದಾಗ ಐವತ್ತಮೂರು ಬಂತು. ಅಂದರೆ ಹಾಡು ಮುದ್ರಿಸಿಕೊಂಡವರ ಯಂತ್ರ ನಿಧಾನವಾಗಿತ್ತು, ಅಪ್ಪನ ಗ್ರಾಮಫೋನು ಅದನ್ನು ಜೋರಾಗಿ ತಿರುಗಿಸಿ ಅಷ್ಟೂ ವರ್ಷ ಅರ್ಧ ಸ್ವರ ಮೇಲಕ್ಕೇರಿಸಿತ್ತು. ಆ ಸ್ವರವನ್ನು ಅಕ್ಕ ಹಾಡಿಯೇ ಇರಲಿಲ್ಲ!

ತಂಗಿಗೆ ಕುಣಿಯುವಷ್ಟು ಖುಷಿಯಾಯಿತು. ಅಕ್ಕನ ಬಂಡವಾಳ ಬಯಲಾಗಲಿ ಎಂದು ವೇಗವನ್ನು ಎಪ್ಪತ್ತಮೂರೂವರೆಗೆ ಇಳಿಸಿದಳು. ತಟ್ಟೆ ಕೊರೆಯುವಾಗ ಕಂಪನಿಯವರು ತಗ್ಗಿಸಿದ್ದ ಬೇಸ್ ಅನ್ನು, ಅಂದರೆ ಮಂದ್ರದ ದನಿಯನ್ನು, ಲೆಕ್ಕ ಹಾಕಿ ಮತ್ತೆ ಎತ್ತಿದಳು, ಕೀರಲನ್ನು ತಗ್ಗಿಸಿದಳು, ಚರಚರ ಸದ್ದನ್ನು ತೆಗೆದಳು. ಆಮೇಲೆ ಕೇಳಿದಳು. ತುಂಬಿದ, ನಿರಾಯಾಸವಾದ ದನಿ. ಎಲ್ಲರೂ ಹೊಗಳಿದ್ದ ಹಾಡಿಗಿಂತ ಇದು ನೂರು ಪಾಲು ಚೆನ್ನಾಗಿತ್ತು. ಅವಳಿಗೆ ಅಳು ಬಂತು, ಸಿಟ್ಟಿನ ಅಳು.

ಅಷ್ಟರಲ್ಲಿ ಅಕ್ಕನೇ ಸೀಡಿ ಒಯ್ಯಲು ಬಂದಳು. ಸ್ಪೀಕರಿನಲ್ಲಿ ಹಾಡು ಅರ್ಧಕ್ಕೆ ಬಂದಿತ್ತು. ಅವಳು ಬಾಗಿಲಲ್ಲೇ ನಿಂತಳು.

"ನೀನು ಹಾಡಿದ್ದೇನೇ ಇದು? ನನ್ನ ಹಾಡು ಅಲ್ವಾ? ಯಾವಾಗ ಹಾಡ್ದೆ, ಹೇಳಲೇ ಇಲ್ಲ?"

ಅರ್ಧ ಶತಮಾನ ಕೀರಲನ್ನೇ ಕೇಳಿದವಳಿಗೆ ತನ್ನ ದನಿಯೇ ಗುರುತು ಸಿಕ್ಕಿರಲಿಲ್ಲ. ನಿಜ ಹೇಳಲು ಒಂದು ಮಾತು ಸಾಕಿತ್ತು. ತಂಗಿ ಬಾಯಿ ತೆರೆದಳು, ಬಂದದ್ದು ಬೇರೆ.

"ಹ್ಞೂಂ ಅಕ್ಕ. ಸುಮ್ನೆ ಹಾಡಿದ್ದು."

ಅಕ್ಕ ಕುರ್ಚಿಯಲ್ಲಿ ಕೂತು ಕೊನೆಯವರೆಗೂ ಕೇಳಿದಳು. ಅವಳ ಮುಖ ಚಿಕ್ಕದಾಗುತ್ತಾ ಹೋಯಿತು. ಆ ಮುಖ ತಂಗಿಗೆ ಚೆನ್ನಾಗಿ ಗೊತ್ತು. ದಿನಾ ಕನ್ನಡಿಯಲ್ಲಿ ನೋಡಿದ್ದೇ.

"ಇದರ ಮುಂದೆ ನಂದು ಬರೀ ಕಿರುಚಾಟ," ಎಂದಳು ಅಕ್ಕ. "ಅಪ್ಪ ಇದನ್ನ ಕೇಳ್ಬೇಕಿತ್ತು ಕಣೇ."

ಈ ಮಾತಿಗಾಗಿಯೇ ತಂಗಿ ಜೀವಮಾನವಿಡೀ ಕಾದಿದ್ದಳು. ಈಗ ಅದು ಬಂದೂ ಅಕ್ಕನ ಪಾಲಿಗೇ ಹೋಗಿತ್ತು, ಅದು ಅಕ್ಕನಿಗೆ ಮಾತ್ರ ಗೊತ್ತಿರಲಿಲ್ಲ.

ಎರಡನ್ನೂ ಹಾಕಿಕೊಡು, ಮೊಮ್ಮಕ್ಕಳು ನಿನ್ನದನ್ನೂ ಕೇಳಲಿ ಎಂದಳು ಅಕ್ಕ. ತಂಗಿ ಎರಡು ಸೀಡಿ ಮಾಡಿದಳು. ಕೀರಲಿನದರ ಮೇಲೆ ಅಕ್ಕ ತನ್ನ ಹೆಸರು ಬರೆದಳು. ಇನ್ನೊಂದನ್ನು ಕೈಗೆತ್ತಿಕೊಂಡು, ಅಕ್ಷರ ದುಂಡಗೆ ಬರಲೆಂದು ಕನ್ನಡಕ ಸರಿಮಾಡಿಕೊಂಡು, "ನನ್ನ ತಂಗಿ ಹಾಡಿದ್ದು" ಎಂದು ಬರೆಯತೊಡಗಿದಳು. ತಂಗಿ ನೋಡುತ್ತಾ ನಿಂತಳು, ತಡೆಯಲಿಲ್ಲ.