ಇಪ್ಪತ್ತು ರೊಟ್ಟಿಯ ಲೆಕ್ಕ

"ದಿನಕ್ಕ ಎಷ್ಟು ರೊಟ್ಟಿ ಆಗ್ತಾವ ನಿಮ್ಮ ಮನ್ಯಾಗ?" ಎಂದು ಗುಮಾಸ್ತ ಅಮರಗುಂಡಪ್ಪ ಕೇಳಿದ.

ಗದ್ದೆಮ್ಮ ಬಾಯಿ ತೆರೆಯುವ ಮೊದಲೇ ಗಂಡ ನರಸಣ್ಣ ಹೇಳಿಬಿಟ್ಟ. "ಇಪ್ಪತ್ತು ಬರಕೋರಿ ಸಾಹೇಬ್ರ. ನನಗ ಆರು, ನಮ್ಮವ್ವಗ ನಾಕು, ಇಕಿಗೆ ನಾಕು, ಎರಡು ಹುಡುಗ್ರಿಗೆ ಮೂರು ಮೂರು. ನಮ್ಮನ್ಯಾಗ ಯಾರೂ ಅರೆಹೊಟ್ಟಿಲೆ ಮಲಗಂಗಿಲ್ಲ."

"ಆರು ತಿಂದೂ ಹಿಂಗ ಕಟಗಿ ಆಗಿಯಲ್ಲೋ ನರಸ್ಯಾ!" ಎಂದು ಪಕ್ಕದ ಗೋಡೆಯ ಮೇಲಿಂದ ಲಾಲ್‌ಬೀ ಕೂಗಿದಳು. ನೋಡಲು ಸೇರಿದ್ದ ಹೆಂಗಸರು ನಕ್ಕರು. ನರಸಣ್ಣನೂ ನಕ್ಕ. ಗದ್ದೆಮ್ಮ ಮಾತ್ರ ಗುಮಾಸ್ತನ ಪೆನ್ಸಿಲನ್ನೇ ನೋಡುತ್ತ ನಿಂತಿದ್ದಳು.

ಬಳಗಾನೂರಿನ ಆ ಕೇರಿಗೆ ಸರ್ಕಾರದವರು ಬಂದು ಕೂತದ್ದು ಅದೇ ಮೊದಲು. ಕೂಲಿಕಾರರ ಗಳಿಕೆಯಲ್ಲಿ ಹೊಟ್ಟೆ ಬಟ್ಟೆ ನಡೆಯುತ್ತದೋ ಇಲ್ಲವೋ ಎಂದು ಲೆಕ್ಕ ತೆಗೆಯಲು ಹೈದರಾಬಾದಿನಿಂದ ಹುಕುಂ ಬಂದಿತ್ತು. ಲಿಂಗಸುಗೂರಿನಿಂದ ಬಂದ ಅಮರಗುಂಡಪ್ಪ ಬೇವಿನ ನೆರಳಲ್ಲಿ ತಾನೇ ತಂದ ಚಾಪೆ ಹಾಸಿಕೊಂಡು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದ. ಬೆಳಗಿನಿಂದ ಅವನು ನೀರು ಕೇಳಿರಲಿಲ್ಲ. ಕೊಡಲೇ ಎಂದು ಕೇರಿಯವರೂ ಕೇಳಿರಲಿಲ್ಲ.

ಎರಡು ವರ್ಷದ ಹಿಂದೆ ನರಸಣ್ಣ ಗೌಡರ ಮನೆಯ ಜೀತ ಬಿಟ್ಟಿದ್ದ. "ಇನ್ನ ಈ ಮನಿ ಕೂಳು ನನ್ನ ಹೊಟ್ಟಿಗೆ ಹೋದ್ರ ನಾ ನನ್ನಪ್ಪಗ ಹುಟ್ಟಿದಾವಲ್ಲ" ಎಂದು ಊರ ಮುಂದೆ ಕೂಗಿ ಹೇಳಿ, ಮರುದಿನವೇ ಸಿಂಧನೂರಿನ ಕಡೆ ಕಾಲುವೆ ಮಣ್ಣು ಅಗೆಯಲು ಹೋಗಿದ್ದ. ಹೋದ ಬೇಸಿಗೆಯಿಂದ ಗದ್ದೆಮ್ಮ ನಸುಕಿನಲ್ಲಿ ನೀರಿಗೆಂದು ಎದ್ದು, ಅದೇ ಗೌಡರ ಹಿತ್ತಲಿನಲ್ಲಿ ಸಗಣಿ ಬಳಿಯುತ್ತಿದ್ದಳು. ರಾತ್ರಿ ಉಳಿದ ನಾಲ್ಕೈದು ರೊಟ್ಟಿ ಅವಳ ಉಡಿಗೆ ಬೀಳುತ್ತಿದ್ದವು. ಆ ಮನೆಯ ರೊಟ್ಟಿ ತೆಳ್ಳಗೆ. ಗುರುತು ಸಿಗಬಾರದೆಂದು ಅದನ್ನು ಮುರಿದು ಪುಂಡಿಪಲ್ಯದಲ್ಲಿ ಕಲಸಿ ಎಲ್ಲರಿಗೂ ಬಡಿಸುತ್ತಿದ್ದಳು.

"ಹೋದ ವಾರ ಕಾಲುವಿ ಕೆಲಸ ಎಷ್ಟು ದಿನ?"

"ಐದು. ಐದು ರೂಪಾಯಿ. ನಿಜಾಮನ ಹಾಲಿ ಸಿಕ್ಕಾ ಅಲ್ರಿ, ಅದಕ್ಕಿಂತ ಬೆಲಿ ಇರೋ ಕಲ್ದಾರ್!"

"ಜೋಳಕ್ಕ ಎಷ್ಟು ಹ್ವಾತು?"

"ಮೂರು. ಉಳಿದ ಎರಡು ಎಣ್ಣಿ, ಉಪ್ಪು, ಖಾರಕ್ಕ. ಹುಡುಗನ ಅಂಗಿಗೂ."

"ಮೂರು ರೂಪಾಯಿಗೆ ಸಂತ್ಯಾಗ ಒಂಬತ್ತು ಸೇರು. ನಿಂದೇನವಾ?"

"ಮೂರು ದಿನ ಕಳೆ ತೆಗದೀನ್ರಿ. ದಿನಕ್ಕ ಒಂದೂವರಿ ಸೇರು ಜೋಳ."

"ನಾಕೂವರಿ. ಕೂಡಿಸಿದ್ರ ಹದಿಮೂರೂವರಿ. ಸೇರಿಗೆ ಎಷ್ಟು ರೊಟ್ಟಿ ಬಡೀತಿ?"

ಈ ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಗದ್ದೆಮ್ಮನಿಗೆ ಆಗಲೇ ಹೊಳೆದಿತ್ತು. "ಹತ್ತು... ಹನ್ನೊಂದೂ ಆಗ್ತಾವ್ರಿ" ಎಂದಳು.

"ಹನ್ನೊಂದಂತ!" ಹೊಸ್ತಿಲ ಮೇಲೆ ಕೂತಿದ್ದ ಅತ್ತೆ ಮುದುಕಮ್ಮ ಸಿಡಿದಳು. "ಹಪ್ಪಳ ಬಡೀತಿ ಏನಬೇ? ಯಪ್ಪಾ, ಇಕಿ ಮಾತು ಕೇಳಬ್ಯಾಡ. ನಮ್ಮದು ದಪ್ಪನ್ನ ರೊಟ್ಟಿ. ಸೇರಿಗೆ ಎಂಟು. ನನ್ನ ಕಾಲದಿಂದ ಎಂಟು."

"ದಿನಾ ಇಪ್ಪತ್ತು ಆಗಂಗಿಲ್ರಿ, ಹದಿನೈದು ಬರಕೋರಿ" ಎಂದು ಗದ್ದೆಮ್ಮ ಮೆಲ್ಲಗೆ ಅಂದಳು.

"ಸುಮ್ಕಿರಲೇ. ಮಂದಿ ಮುಂದ ಮಾನ ತೆಗೀತಿ" ಎಂದು ನರಸಣ್ಣ ಗದರಿದ.

ಅಮರಗುಂಡಪ್ಪ ಕಾಗದದ ಅಂಚಿನಲ್ಲಿ ಗುಣಿಸಿದ. ಇನ್ನೊಮ್ಮೆ ಗುಣಿಸಿದ. ಅವನು ಕೆಟ್ಟ ಮನುಷ್ಯನಲ್ಲ. ಅಂಕಿ ಹೊಂದದಿದ್ದರೆ ಮುಂದಿನ ಮನೆಗೆ ಏಳಲಾರದವನು, ಅಷ್ಟೆ.

"ಇಪ್ಪತ್ತು ರೊಟ್ಟಿಗೆ ದಿನಾ ಎರಡೂವರಿ ಸೇರು. ವಾರಕ್ಕ ಹದಿನೇಳೂವರಿ. ಬಂದದ್ದು ಹದಿಮೂರೂವರಿ. ನಾಕು ಸೇರು ಹೆಚ್ಚಿಗಿ ಉಂಡೀರಿ. ಸಾಲ ತಂದೀರೇನು?"

"ಇಲ್ರೀ" ಎಂದ ನರಸಣ್ಣ. "ನಮಗ ಸಾಲನ ಇಲ್ಲ."

"ಹಂಗಾದ್ರ ಈ ನಾಕು ಸೇರು ಎಲ್ಲಿಂದ ಬಂತು? ಏನಂತ ಬರೀಲಿ?"

ನರಸಣ್ಣನ ನಗು ಇಳಿಯಿತು. ಅವನು ಹೆಂಡತಿಯ ಕಡೆ ತಿರುಗಿದ. "ಕಣದಾಗ ಏನರ ಕೈ ಹಾಕೀ ಏನಬೇ?"

ಇಲ್ಲವೆಂದರೆ ಇನ್ನೊಂದು ಹೇಳಬೇಕು. ಸುಮ್ಮನಿದ್ದರೆ ಕಳ್ಳಿ ಎಂದು ಸರ್ಕಾರದ ಕಾಗದದಲ್ಲಿ ಉಳಿಯಬೇಕು. ಗದ್ದೆಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

"ಕದ್ದಿಲ್ರಿ. ಗೌಡರ ಮನೀದು. ತಂಗಳ ರೊಟ್ಟಿ."

ಮುದುಕಮ್ಮ ಎದ್ದು ಒಳಗೆ ಹೋದಳು.

"ಸುಮ್ನ ಕೊಡಂಗಿಲ್ರಿ, ಸಗಣಿ ಬಳೀತೀನಿ" ಎಂದಳು ಗದ್ದೆಮ್ಮ.

"ಇಷ್ಟು ಕೆಲಸಕ್ಕ ಇಷ್ಟು ಕೂಲಿ ಅಂತ ಮಾತಾಗೇದೇನು?"

"ಇಲ್ರಿ. ಉಳಿದ್ರ ಕೊಡ್ತಾರ."

"ಹಂಗಾದ್ರ ದಾನ" ಎಂದು ಅಮರಗುಂಡಪ್ಪ ಬರೆದ. "ನಾಕು ಸೇರಿಗೆ ಒಂದು ರೂಪಾಯಿ ಐದಾಣೆ ನಾಕು ಪೈ. ಇದು ಗಳಿಕಿಗೆ ಸೇರತದ." ಕೂಡಿಸಿ ಗೆರೆ ಎಳೆದ. ಹಗುರಾದವನಂತೆ ತಲೆ ಎತ್ತಿದ. "ಈಗ ಹಿಸಾಬು ಕೂಡ್ತು ನೋಡು. ಗಳಿಕಿ, ಖರ್ಚು ಸರಿಸಮ. ನಿಮಗ ಕಮ್ಮಿ ಏನಿಲ್ಲ."

ನರಸಣ್ಣ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ. ಎಲ್ಲಿ ಒತ್ತಬೇಕೆಂದು ಗುಮಾಸ್ತ ಎರಡು ಸಲ ತೋರಿಸಬೇಕಾಯಿತು.

ಆ ರಾತ್ರಿ ಊಟಕ್ಕೆ ಕೂತಾಗ ಅವನು ತಲೆ ಎತ್ತದೆ ಕೇಳಿದ. "ಯಾವಾಗಿಂದ?"

"ಹ್ವಾದ ಬ್ಯಾಸಗಿಂದ."

"ನಾನೂ ತಿಂದೀನೇನು?"

ಗದ್ದೆಮ್ಮ ಒಲೆಯ ಕಡೆ ಮುಖ ಮಾಡಿ ಕೂತಳು. ಅವನು ಎರಡು ರೊಟ್ಟಿ ತಿಂದು, ಉಳಿದದ್ದನ್ನು ಮಕ್ಕಳ ಕಡೆ ಸರಿಸಿ ಎದ್ದುಹೋದ.

ನಸುಕಿನಲ್ಲಿ ಕೋಳಿ ಕೂಗಿತು. ಗದ್ದೆಮ್ಮ ಏಳಲಿಲ್ಲ. ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಎರಡನೆಯ ಸಲ ಕೂಗಿತು. ಮಗ್ಗುಲಲ್ಲಿ ನರಸಣ್ಣನೂ ಎಚ್ಚರವಾಗಿದ್ದಾನೆಂದು ಅವನ ಉಸಿರಿನಿಂದ ಗೊತ್ತಾಗುತ್ತಿತ್ತು. ಮಕ್ಕಳು ಅಜ್ಜಿಯ ಪಕ್ಕ ಮುದುರಿ ಮಲಗಿದ್ದವು.

"ಹೊತ್ತಾತು" ಎಂದ ನರಸಣ್ಣ, ಗೋಡೆಯ ಕಡೆ ತಿರುಗಿಕೊಂಡೇ. "ಹೋಗಂಗಿಲ್ಲೇನು?" ಎಂದ.

ಗದ್ದೆಮ್ಮ ಎದ್ದು ಕೊಡ ತೆಗೆದುಕೊಂಡಳು. ಬಾಗಿಲು ದಾಟುವಾಗ ತಿರುಗಿ ನೋಡಿದಳು. ಅವನು ಕಂಬಳಿಯನ್ನು ತಲೆಯ ಮೇಲಕ್ಕೆ ಎಳೆದುಕೊಂಡಿದ್ದ. ಕಂಬಳಿ ಸಾಲದೆ, ಕಾಲುವೆಯ ಮಣ್ಣು ಹತ್ತಿದ ಎರಡೂ ಪಾದಗಳು ಹೊರಗೆ ಉಳಿದಿದ್ದವು.