ಹೊಗೆಯ ಎಂಜಲು

ಹೊಸಹಳ್ಳಿಯ ಮುನಿಲಕ್ಷ್ಮಮ್ಮಜ್ಜಿಯ ಮನೆಯಲ್ಲಿ ಒಂದು ಹಿತ್ತಾಳೆ ಹರಿವಾಣವಿತ್ತು. ಮನೆದೇವರಿಗೆ ಮೀಸಲಾದದ್ದು, ಎಂಜಲಿನ ಗಾಳಿಯೂ ಅದಕ್ಕೆ ಸೋಕುವಂತಿರಲಿಲ್ಲ. ಭಾನುವಾರ ಹನ್ನೆರಡರೊಳಗೆ ಅದರಲ್ಲಿ ವೀಳ್ಯವಿಟ್ಟು ಕೆಂಗೇರಿ ಉಪನಗರದ ಕುಸುಮಾಳ ತಾಯಿಯ ಕೈಗೆ ಕೊಟ್ಟರೆ ಮೊಮ್ಮಗ ಭೈರೇಶನಿಗೆ ಹೆಣ್ಣು ಗಟ್ಟಿ. ಹೊತ್ತು ಮೀರಿದರೆ ಆಷಾಢ ಕಳೆಯುವ ತನಕ ಮಾತೇ ಇಲ್ಲ.

ಅಜ್ಜಿಯನ್ನು ತನ್ನ ಕಾರಿನಲ್ಲೇ ಕರೆದೊಯ್ಯಬೇಕೆಂದು ಭೈರೇಶನ ಆಸೆ. ಹಳೆಯ ಡೀಸೆಲ್ ಕಾರಿಗೆ ದೊಡ್ಡ ಟರ್ಬೊ ಕೂರಿಸಿ, ಸೈಲೆನ್ಸರ್ ಬದಲಿಸಿ, ಎಮ್ಮೆ ಸಾಕಿದಂತೆ ಸಾಕಿದ್ದ. ಶುಕ್ರವಾರ ಕಾಮಾಕ್ಷಿಪಾಳ್ಯದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಉಗ್ರಪ್ಪ ಬಾನೆಟ್ ಎತ್ತಿದ್ದಾಗ, ಕಾರಿಗೆ ಕುಂಕುಮವಿಡಲು ಬಂದ ಅಜ್ಜಿ ಇಣುಕಿದರು.

“ಈ ಕರಿ ಕೊಳವೆ ಏನಪ್ಪಾ?”

“ಇಜಿಆರ್ ಅಂತಾರೆ ಅಜ್ಜಿ. ಇಂಜಿನ್ ಬಿಟ್ಟ ಹೊಗೇಲಿ ಒಂಚೂರು ಅದಕ್ಕೇ ವಾಪಸ್ ಕುಡಿಸುತ್ತೆ.”

ಕುಂಕುಮದ ಬೆರಳು ಅಲ್ಲೇ ನಿಂತಿತು.

“ಉಗುಳಿದ್ದನ್ನ ಕುಡೀತದಾ? ಎಂಜಲು!”

“ಊರಿಗೆ ವಿಷದ ಗಾಳಿ ಕಮ್ಮಿ ಆಗ್ಲಿ ಅಂತ ಗೌರ್ಮೆಂಟ್ ರೂಲು ಅಜ್ಜಿ.”

“ಗೌರ್ಮೆಂಟಿಗೆ ಮೀಸಲು ಇಲ್ದಿದ್ರೆ ನಂಗೂ ಇರಬಾರದಾ? ದೇವರ ಹರಿವಾಣ ಹಿಡ್ಕೊಂಡು ಎಂಜಲು ಕುಡಿಯೋ ಗಾಡೀಲಿ ನಾನು ಕೂರಲ್ಲ ಕಣ್ಲಾ ಭೈರ.”

ಭೈರೇಶ್ ಉಗ್ರಪ್ಪನ ಕಡೆ ತಿರುಗಿದ. “ಕಿತ್ತಾಕು ಗುರು.”

“ತಪ್ಪು ಮಗಾ. ಕಿತ್ರೂ ಕಾರಿನ ಕಂಪ್ಯೂಟರ್‌ಗೆ ಹೇಳಿರಬೇಕು, ಇಲ್ದಿದ್ರೆ ಅದು ಹುಡುಕುತ್ತೆ. ಆ ಕೆಲಸ ಮಾಡೋನು ಬರೋದು ಸೋಮವಾರ.”

“ನನ್ ಲೈಫ್ ಇರೋದು ಭಾನುವಾರ. ಕಿತ್ತಾಕು.”

ಉಗ್ರಪ್ಪ ಮಸಿ ಮೆತ್ತಿದ ವಾಲ್ವ್ ಬಿಚ್ಚಿ, ಹೊಗೆಯ ದಾರಿಗೆ ತಗಡು ಮುಚ್ಚಿದ. ಅಜ್ಜಿ ಇಂಜಿನ್ನಿನ ಮೇಲೆ ಮೂರು ಸಲ ಅರಿಶಿನದ ನೀರು ಚಿಮುಕಿಸಿದರು. “ಬಾಯಿ ಮುಕ್ಕಳಿಸ್ಲಿ ಪಾಪ.”

ಭಾನುವಾರ ಮೈಸೂರು ರಸ್ತೆ ಸೇರುತ್ತಲೇ ಸ್ಟೇರಿಂಗಿನ ಹಿಂದೆ ಹಳದಿ ದೀಪವೊಂದು ಹತ್ತಿತು. ಅಜ್ಜಿ ಕಣ್ಣು ಮುಚ್ಚಿ ತಲೆ ಬಾಗಿದರು.

“ನೋಡ್ಲಾ, ತಾನಾಗೇ ಹತ್ತಿಕೊಂಡದೆ. ಆರಿಸಬ್ಯಾಡ.”

ಆರಿಸುವುದು ಭೈರೇಶನ ಕೈಯಲ್ಲೂ ಇರಲಿಲ್ಲ. ಕಾರು ಗಂಟೆಗೆ ಹತ್ತು ಕಿಲೋಮೀಟರ್ ದಾಟಲೊಲ್ಲದು. ಎಷ್ಟು ಒತ್ತಿದರೂ ಸೈಲೆನ್ಸರ್ ಗರ್ಜಿಸಿತೇ ಹೊರತು ಚಕ್ರಕ್ಕೆ ಏನೂ ಕೇಳಿಸಲಿಲ್ಲ. ಸೈಕಲ್ಲಿನಲ್ಲಿ ಸೊಪ್ಪು ಒಯ್ಯುತ್ತಿದ್ದವನೊಬ್ಬ ಪಕ್ಕಕ್ಕೆ ಬಂದು, “ಅಣ್ಣಾ, ನಿಮ್ ಸೌಂಡು ಆಗ್ಲೇ ಕೆಂಗೇರಿ ತಲುಪ್ತು. ನೀವು ಯಾವಾಗ?” ಎಂದು ಕೇಳಿ ಮುಂದೆ ಹೋದ.

ನಾಯಂಡಹಳ್ಳಿ ಬರುವಷ್ಟರಲ್ಲಿ ಹನ್ನೊಂದೂ ಕಾಲು. ಭೈರೇಶ್ ಉಗ್ರಪ್ಪನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

“ಅದು ತನ್ನ ಹೊಗೆ ಹುಡುಕ್ತಾ ಇದೆ ಮಗಾ. ಸಿಗದೆ ಹೆದರಿಕೊಂಡಿದೆ.”

“ಆ ಹೊಗೆ ಈಗ ಎಲ್ಲೋಯ್ತದಪ್ಪಾ?” ಅಜ್ಜಿ ಕೇಳಿದರು.

“ಎಲ್ಲಾ ಹೊರಗೇ ಅಜ್ಜಿ. ಹಿಂದೆ ಬರೋರ ಮೂಗಿಗೆ.”

ಅಜ್ಜಿ ಹಿಂತಿರುಗಿ ನೋಡಿದರು. ಸ್ಕೂಟರಿನಲ್ಲೊಬ್ಬಳು ಮುಂದೆ ನಿಂತ ಮಗುವಿನ ಮೂಗಿಗೆ ವೇಲ್ ಮುಚ್ಚುತ್ತಿದ್ದಳು.

“ಭೈರ, ಎಲೆ ಮೇಲಿಟ್ಟ ಅರ್ಧ ಹೋಳಿಗೇನ ಆಮ್ಯಾಕೆ ನೀನೇ ತಿಂದ್ರೆ ಎಂಜಲಾ?”

“ನನ್ನೆಲೇಲಿ ಇರೋದು ನನಗೆ ಹೆಂಗೆ ಎಂಜಲು ಅಜ್ಜಿ?”

“ಹಂಗಾದ್ರೆ ಈ ಮೂಕ ಮುಂಡೇದು ತನ್ನೆಲೆ ತಾನು ಉಣ್ತಿತ್ತು ಕಣ್ಲಾ. ನಾನು ಕಿತ್ಕೊಂಡು ಬೀದಿ ಜನಕ್ಕೆಲ್ಲ ಎಂಜಲು ಬಡಿಸ್ಬುಟ್ಟೆ. ನಿಲ್ಸು.”

ಮೆಟ್ರೋ ಮೆಟ್ಟಿಲ ಬಳಿ ಹರಿವಾಣ ಎತ್ತಿಕೊಂಡು ಇಳಿದರು.

“ಅಜ್ಜಿ, ಮೆಟ್ರೋದಲ್ಲಿ ಕಂಡೋರೆಲ್ಲ ಇರ್ತಾರೆ. ಎಂಜಲಾಗಲ್ವಾ?”

“ಅಲ್ಲಿ ಯಾರೂ ತಿನ್ನಂಗಿಲ್ಲ ಅಂತ ಬೋರ್ಡೇ ಹಾಕವ್ರೆ. ಅದಕ್ಕಿಂತ ಮೀಸಲು ಗಾಡಿ ಯಾವುದ್ಲಾ?”

“ಮತ್ತೆ ನಾನು?”

“ವೀಳ್ಯ ಕೊಡೋರು ಹಿರೀಕರು. ನಿನ್ನನ್ನ ಯಾರು ಕೇಳಿದ್ರು? ಅದನ್ನ ನೋಯಿಸದೆ ನಿಧಾನಕ್ಕೆ ಬಾ.”

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಕೆಂಗೇರಿ ಉಪನಗರದಲ್ಲಿ ಹರಿವಾಣ ಕೈ ಬದಲಾಯಿತು. ಜ್ಞಾನಭಾರತಿಯ ಬಳಿ ಪೂರ್ತಿ ನಿಂತೇಹೋದ ಕಾರು, ಟೋಯಿಂಗ್ ಗಾಡಿಯ ಕೊಕ್ಕೆಗೆ ನೇತುಬಿದ್ದು ಎರಡು ಗಂಟೆಗೆ ಕುಸುಮಾಳ ಮನೆಯ ಮುಂದೆ ಬಂತು. ನೆಂಟರು ಆಗಲೇ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

“ನಿಮ್ಮ ಶಾಸ್ತ್ರ ತುಂಬಾ ಚೆನ್ನಾಗಾಯ್ತು,” ಕುಸುಮಾ ಬಡಿಸುತ್ತ ಹೇಳಿದಳು. “ನೀವೂ ಬರಬೇಕಿತ್ತು.”

ಅಜ್ಜಿ ಎದುರು ಬಂದು ಕುಳಿತರು. “ನಾಳೆ ಅದರ ಕೊಳವೆ ಅದಕ್ಕೆ ಹಾಕ್ಸು. ಆಮ್ಯಾಕೆ ಮದುವೆ ದಿನ ನೋಡಾನ.”

“ಹೂಂ ಅಜ್ಜಿ,” ಎಂದು ಭೈರೇಶ್ ಅರ್ಧ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದ.

ಅಜ್ಜಿ ಎಲೆಯನ್ನು ನೋಡಿದರು. ಭೈರೇಶ್ ಮತ್ತೆ ಕುಳಿತ.