ಹೊಲಿಗಿ ಖರಾಬ

ಬಿಲ್ಲು ಜಿಎಸ್‌ಟಿ ಪೋರ್ಟಲ್‌ಗೆ ಹೋದ ಮೇಲೆ ನಿಲೇಶ ರೇಟು ಇಳಿಸಲು ಹೇಳಿದ.

ಅವನ ಅಂಗಡಿ ಕೊಗನೊಳ್ಳಿಯ ಹೈವೇ ಮೇಲಿದೆ. ಪುಣೆಯ ಕಡೆ ಹೋಗುವವರು ಕಾರು ನಿಲ್ಲಿಸಿ ಕೊಲ್ಹಾಪುರಿ ಚಪ್ಪಲಿ ಕೊಳ್ಳುತ್ತಾರೆ. ಅವನ್ನು ಹೊಲಿಯುವವನು ಅಥಣಿಯ ಮಲಕಾರಿ. ಚಪ್ಪಲಿಯ ಎರಡೂ ಬದಿಗೆ ಕಿವಿಯಂತೆ ನಿಲ್ಲುವ ಚರ್ಮವನ್ನು ಅವನು ಕೂರಿಸಿದರೆ ಅಟ್ಟೆ ಸವೆದರೂ ಕಿವಿ ಬಿಡುವುದಿಲ್ಲ. ಬಿಲ್ಲು ಮಾಡುವವಳು ಅವನ ಸೊಸೆ ಸ್ನೇಹಲ, ಚಿಕ್ಕೋಡಿಯಲ್ಲಿ ಬಿ.ಕಾಂ. ಓದಿದವಳು.

"ವಹಿನಿ, ಒಂದು ಕ್ರೆಡಿಟ್ ನೋಟ್ ಹಾಕ್ರಿ," ಎಂದ ನಿಲೇಶ ಫೋನಿನಲ್ಲಿ. "ಬಿಲ್ಲೂ ಇಳೀತೈತಿ, ನಿಮ್ಮ ಟ್ಯಾಕ್ಸೂ ಇಳೀತೈತಿ."

"ಕಾರಣ ಏನ್ ಬರೀಲಿ ದಾದಾ? ರೇಟ್ ಕಡಿಮಿ ಮಾಡೇವಿ ಅಂತ?"

"ಹುಚ್ಚ ಹಿಡದೈತೇನ್ರಿ? ಮಾಲು ಮಾರೂಕಿಂತ ಮೊದಲ ಆದ ಮಾತಲ್ಲ ಅದು, ಆಫೀಸ್ನವ್ರು ಒಪ್ಪಂಗಿಲ್ಲ. ಹೊಲಿಗಿ ಖರಾಬ, ಮಾಲು ವಾಪಸ್ ಅಂತ ಬರೀರಿ. ನಮ್ಮ ಕಡೆ ಎಲ್ಲಾರೂ ಹಂಗ ಬರಿತಾರ. ಬರದ್ರ ಚಪ್ಲಿ ಹರಿತಾವೇನು?"

ಅವಳು ಹಾಗೇ ಬರೆದಳು. ದೀಪಾವಳಿಯ ಆರ್ಡರು ಅವನ ಕೈಯಲ್ಲಿತ್ತು. ಮನೆಯ ವರ್ಷವೆಲ್ಲ ಅದರ ಮೇಲೆ ನಿಂತಿತ್ತು. ಮಾವನಿಗೆ ಹೇಳಲಿಲ್ಲ. ಅವನ ಕೆಲಸದ ರೇಟನ್ನು ಅವನನ್ನು ಕೇಳದೆ ಇಳಿಸಿದ್ದಳು.

ಮಳೆಗಾಲ ಮುಗಿಯುವಾಗ ನೋಟಿಸು ಬಂತು: ವಾಪಸ್ ಬಂದ ಮಾಲನ್ನು ಅಧಿಕಾರಿ ಖುದ್ದು ನೋಡುತ್ತಾರೆ. ಆ ಮಾಲು ವಾಪಸ್ ಬಂದೇ ಇರಲಿಲ್ಲ. ನಿಲೇಶ ಎಂದೋ ಮಾರಿ ಮುಗಿಸಿದ್ದ.

ಅಧಿಕಾರಿ ಬರುವ ದಿನ ಬೆಳಿಗ್ಗೆಯೇ ನಿಲೇಶನ ಕಾರು ಅಥಣಿಗೆ ಬಂತು. ಮನೆಯಲ್ಲಿದ್ದದ್ದು ದೀಪಾವಳಿಗೆಂದು ಮಲಕಾರಿ ಹೊಲಿದು, ಎಣ್ಣೆ ಉಜ್ಜಿ ಕಟ್ಟಿಟ್ಟ ಒಂದು ಚೀಲ ಚಪ್ಪಲಿ.

"ಮಾವಾರ, ಹಿಂದಿನ ಮಾಲು ಖರಾಬ ಇತ್ತಂತ," ಎಂದಳು ಸ್ನೇಹಲ. "ದಾದಾ ಒಗದ ಬಿಟ್ಟಾರ. ಸಾಹೇಬ್ರಿಗೆ ತೋರ್ಸಾಕ ಇವನ್ನ ಬಿಚ್ಚಬೇಕು."

ಮಲಕಾರಿ ಇಬ್ಬರ ಮುಖವನ್ನೂ ನೋಡಿದ. "ಖರಾಬ? ನಂದು?"

"ವಯಸ್ಸಾತು ಕಾಕಾ, ಆಗ್ತೈತಿ," ಎಂದ ನಿಲೇಶ. "ಬಿಚ್ಚಲಿಲ್ಲ ಅಂದ್ರ ಆರ್ಡರ್ ಮರ್ತ ಬಿಡ್ರಿ."

ಮಲಕಾರಿ ಒಂದು ಚಪ್ಪಲಿ ಎತ್ತಿಕೊಂಡು ಕಿವಿಯ ಹೊಲಿಗೆ ಬಿಚ್ಚಿದ. ಬಿಚ್ಚಿದ ತುದಿಯನ್ನು ಬೆರಳು ತಾನಾಗಿ ಒಳಕ್ಕೆ ತಳ್ಳಿ ಗಂಟು ಹಾಕಿತು. ನಿಲೇಶ ನಕ್ಕ. "ಕೆಡಸಂದ್ರ ರಿಪೇರಿ ಮಾಡಾಕತ್ತಾನ ನೋಡ್ರಿ ಮುದುಕ!" ಮಲಕಾರಿಯ ಕೈಯಿಂದ ಚರ್ಮ ಕೊಯ್ಯುವ ರಂಪಿಗೆಯನ್ನು ಕಸಿದುಕೊಂಡು ತಾನೇ ಸೀಳತೊಡಗಿದ. ಚಪ್ಪಲಿಗಳನ್ನು ಒಂದೊಂದಾಗಿ ಅಲುಗಾಡದಂತೆ ಹಿಡಿದುಕೊಟ್ಟವಳು ಸ್ನೇಹಲ.

ಅಧಿಕಾರಿ ಬಂದು ಸೀಳಿದ ಚಪ್ಪಲಿಗಳ ರಾಶಿಯನ್ನು ಬಗ್ಗಿ ನೋಡಿದ. ಒಂದನ್ನೂ ಮುಟ್ಟಲಿಲ್ಲ.

"ಹೊಲಿದವ್ರು ಯಾರು?"

"ನಾನ್ರೀ."

"ಹೊಲಿಗಿ ಖರಾಬ ಅಂತ ಒಪ್ತೀರೇನು?"

ಮಲಕಾರಿ ಸೊಸೆಯ ಕಡೆ ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು.

"ಹೌದ್ರಿ ಸಾಹೇಬ್ರ. ಖರಾಬ."

ಅಧಿಕಾರಿ ಅದನ್ನೇ ಬರೆದುಕೊಂಡು, ಮುದುಕನ ಹೆಬ್ಬೆಟ್ಟು ಒತ್ತಿಸಿಕೊಂಡು, ಚಹಾ ಬೇಡವೆಂದು ಹೋದ.

ನಿಲೇಶ ಕಾರಿನ ಬಾಗಿಲು ತೆಗೆಯುವಾಗ ಸ್ನೇಹಲ ಆರ್ಡರಿನ ಮಾತೆತ್ತಿದಳು.

"ಹೆಂಗ್ ಕೊಡಲಿ ವಹಿನಿ? ಖರಾಬ ಅಂತ ಈಗ ಸರಕಾರನ ಬರಕೊಂಡ ಹೋತು. ಇನ್ನ ಮ್ಯಾಲ ನಿಮ್ಮ ಮಾಲು ತಗೊಂಡ್ರ, ಗೊತ್ತಿದ್ದೂ ಯಾಕ ತಗೊಂಡಿ ಅಂತ ನನ್ನ ಕೇಳ್ತಾರ." ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡ. "ನಿಪ್ಪಾಣಿ ಹುಡುಗರಿಗೆ ಹೇಳೇನಿ. ಮಷೀನ್ ಹೊಲಿಗಿ. ರೇಟೂ ಕಡಿಮಿ."

ಅವಳು ಒಳಗೆ ಬಂದಾಗ ಮಲಕಾರಿ ಸೀಳಿದ ಚಪ್ಪಲಿಗಳ ನಡುವೆ ಕೂತಿದ್ದ. ಅವುಗಳ ಕಡೆ ನೋಡುತ್ತಿರಲಿಲ್ಲ.

"ತಂಗಿ, ಇವು ನಿಲೇಶ ಸೀಳಿದ್ದು. ಅದು ಬಿಡು. ಮೊದಲ ಕಳಿಸಿದ್ವಲ್ಲ, ಅವು ಎಲ್ಲಿ ಬಿಟ್ಟಿದ್ವು? ಅಟ್ಯಾಗೋ, ಕಿವ್ಯಾಗೋ?"

ನಿಜ ಹೇಳಿದರೆ ರೇಟಿನ ಮಾತು ಹೇಳಬೇಕು.

"ಕಿವ್ಯಾಗ," ಎಂದಳು.

ಅವನು ತಲೆಯಾಡಿಸಿದ. ತಾನೇ ಹೊಲಿದು ತೊಟ್ಟಿದ್ದ ಹಳೆಯ ಚಪ್ಪಲಿಯನ್ನು ಕಾಲಿನಿಂದ ಕಳಚಿ, ಅದರ ಕಿವಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. ಬರಲಿಲ್ಲ. ವಸಡಿನ ರಕ್ತ ಚರ್ಮಕ್ಕೆ ಹತ್ತಿತು. ಮತ್ತೆ ಎಳೆದ.